ಹಳೆಯ ವಾಲ್ವ್ ಗಿಟಾರ್ ಆಂಪ್‌ನಲ್ಲಿ ಪವರ್ ಕುಸಿದಾಗ: ಫೆಂಡರ್ ಡಿಲಕ್ಸ್ ರಿವರ್ಬ್ ತಪಾಸಣೆ

ವಾಲ್ವ್ ಆಂಪ್ ಮಂಕಾಗಿದೆ ಎನ್ನುವ ದೂರಿನೊಳಗೆ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಮೊದಲನೆಯದರಲ್ಲಿ, ವಾಲ್ಯೂಮ್ 4ರಲ್ಲಿ ಸಿಗುತ್ತಿದ್ದ ಸದ್ದು ಈಗ 7ಕ್ಕೆ ಸಿಗುತ್ತದೆ. ಆದರೆ ಪೂರ್ತಿ ತಿರುಗಿಸಿದರೆ ಮೊದಲಿನಷ್ಟೇ ಜೋರು. ಇದು ಗೇನ್ (ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) ಕುಸಿದದ್ದು, ಕಾರಣ ಗಿಟಾರಿನ ಸಣ್ಣ ಸಿಗ್ನಲನ್ನು ಮೊದಲು ದೊಡ್ಡದು ಮಾಡುವ ಪ್ರೀಆಂಪ್‌ನಲ್ಲಿರುತ್ತದೆ. ಎರಡನೆಯದರಲ್ಲಿ, ಅರ್ಧ ತಿರುಗಿಸುವಷ್ಟರಲ್ಲೇ ಸದ್ದು ಒಡೆಯುತ್ತದೆ. ಮುಂದೆ ಎಷ್ಟು ತಿರುಗಿಸಿದರೂ ಕರಕರ ಹೆಚ್ಚುತ್ತದೆಯೇ ಹೊರತು ಜೋರಾಗುವುದಿಲ್ಲ. ಇದು ಪವರ್ ಕುಸಿದದ್ದು. ಇವೆರಡರಲ್ಲಿ ಯಾವುದು ಎಂದು ಅಳೆದು ನೋಡದೆ ವಾಲ್ವ್ ಬದಲಾಯಿಸಲು ಹೊರಟರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಫೆಂಡರ್ ಡಿಲಕ್ಸ್ ರಿವರ್ಬ್, 1963ರಿಂದ 1967ರವರೆಗಿನ ಕಪ್ಪು ಮುಖದ ಮಾದರಿ, ಎಬಿ763 ಸರ್ಕ್ಯೂಟ್. ಎರಡು 6ವಿ6ಜಿಟಿ ಪವರ್ ವಾಲ್ವ್, ಎಸಿಯನ್ನು ಡಿಸಿ ಮಾಡುವ ಒಂದು ಜಿಜೆಡ್34 ರೆಕ್ಟಿಫೈಯರ್, ನಾಲ್ಕು 12ಎಎಕ್ಸ್7 ಮತ್ತು ಎರಡು 12ಎಟಿ7 ಸಣ್ಣ ವಾಲ್ವ್, 8 ಓಮ್‌ನ ಒಂದು 12 ಇಂಚಿನ ಸ್ಪೀಕರ್. ಆರೋಗ್ಯವಾಗಿದ್ದರೆ 20ರಿಂದ 22 ವ್ಯಾಟ್ ಕೊಡುತ್ತದೆ. ಪವರ್ ವಾಲ್ವ್‌ಗಳು ಜೋಡಿಯಾಗಿ ಅಲೆಯ ಒಂದೊಂದು ಬದಿ ದುಡಿಸುವ ಆ ಕಾಲದ ಬೇರೆ ಪುಶ್‌-ಪುಲ್ ಆಂಪ್‌ಗಳಿಗೂ ವಿಧಾನ ಇದೇ. ವೋಲ್ಟೇಜ್‌ಗಳನ್ನು ಮಾತ್ರ ಆಯಾ ಸರ್ಕ್ಯೂಟ್ ನಕ್ಷೆ ನೋಡಿ ಬದಲಿಸಿಕೊಳ್ಳಿ.

ಮೊದಲು ಜೀವ, ಆಮೇಲೆ ಆಂಪ್

ಇದರೊಳಗೆ 415 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ಆಫ್ ಮಾಡುವಾಗ ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ನುಡಿಸುವ ಸ್ಥಿತಿಯಲ್ಲೇ ಬಿಡಿ. ಬಿಸಿಯಿರುವ ವಾಲ್ವ್‌ಗಳು ಚಾರ್ಜ್‌ನ ಬಹುಪಾಲನ್ನು ಇಳಿಸಿಬಿಡುತ್ತವೆ. ಆದರೂ ಅದನ್ನು ನಂಬಬೇಡಿ. 4.7 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನ ಒಂದು ತುದಿಯನ್ನು ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಕ್ಲಿಪ್ ಮಾಡಿ, ಇನ್ನೊಂದನ್ನು ಪ್ರತಿ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್ ಬದಿಗೆ ಕೆಲವು ಸೆಕೆಂಡ್ ಹಿಡಿದು, ಮೀಟರ್‌ನಲ್ಲಿ 10 ವೋಲ್ಟ್‌ಗಿಂತ ಕೆಳಗೆ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಕೈ ಹಾಕಿ. ಆನ್ ಇರುವಾಗ ಅಳೆಯುವುದಾದರೆ ಮೀಟರ್‌ನ ಕಪ್ಪು ವೈರನ್ನು ಷಾಸಿಗೆ ಕ್ಲಿಪ್ ಮಾಡಿ ಒಂದೇ ಕೈ ಬಳಸಿ.

ಮೂಲ ಎರಡು ಪಿನ್ನಿನ ಮೇನ್ಸ್ ವೈರ್ ಇನ್ನೂ ಇದ್ದರೆ ತಪಾಸಣೆಗೆ ಮೊದಲೇ ಮೂರು ಪಿನ್ನಿನದು ಹಾಕಿ, ಅರ್ತ್ ಅನ್ನು ಷಾಸಿಗೆ ಗಟ್ಟಿಯಾಗಿ ಬಿಗಿಯಿರಿ. ಗ್ರೌಂಡ್ ಸ್ವಿಚ್ಚಿನ ಮೂಲಕ ಮೇನ್ಸ್‌ನಿಂದ ಷಾಸಿಗೆ ಹೋಗುವ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಕಿತ್ತು ಹಾಕಿ. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟ್ ಬರುತ್ತದೆ. 

ಕವಚ ತೆರೆಯುವ ಮುನ್ನ

ಅಮೆರಿಕದಲ್ಲಿ ಮಾರಿದ ಆಂಪ್ 117 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮಲ್ಲಿ ಅದನ್ನು 230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಓಡಿಸುತ್ತಾರೆ. ಆಂಪ್ ಆನ್ ಇರುವಾಗಲೇ ಅದರ ಔಟ್‌ಪುಟ್ ಅಳೆಯಿರಿ. 110 ವೋಲ್ಟ್ ಬಂದರೆ 117ಕ್ಕೆ ಹೋಲಿಸಿ ಪವರ್ ಸುಮಾರು ಶೇ. 12 ಕಡಿಮೆ, ಅಂದರೆ ಅರ್ಧ ಡೆಸಿಬೆಲ್. ಯಾರ ಕಿವಿಗೂ ಅದು ತಿಳಿಯುವುದಿಲ್ಲ. ಅದನ್ನು ಸರಿಪಡಿಸಲೆಂದು 120 ವೋಲ್ಟ್ ಕೊಡಲು ಹೋಗಬೇಡಿ. 60 ಹರ್ಟ್ಸ್‌ಗೆ ಸುತ್ತಿದ ಮೇನ್ಸ್ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೇಗೂ ಹೆಚ್ಚು ಬಿಸಿಯಾಗುತ್ತದೆ, 110 ವೋಲ್ಟ್ ಅದಕ್ಕೆ ಉಪಕಾರವೇ. ಆದರೆ ಲೋಡ್ ಬಿದ್ದಾಗ 95ಕ್ಕೋ 100ಕ್ಕೋ ಇಳಿಯುವ ಸಣ್ಣ ಸ್ಟೆಪ್‌ಡೌನ್ ಆಗಿದ್ದರೆ ಅದೇ ಕಳ್ಳ. ಕನಿಷ್ಠ 300 ವಿಎ ಇರುವುದನ್ನು ತನ್ನಿ. ಅಗ್ಗದವುಗಳಲ್ಲಿ ಹಲವು ಆಟೋಟ್ರಾನ್ಸ್‌ಫಾರ್ಮರ್. ಮೇನ್ಸ್‌ನಿಂದ ಪ್ರತ್ಯೇಕತೆ ಇರುವುದಿಲ್ಲ, ಕೆಲವು ಅರ್ತನ್ನೂ ಮುಂದಕ್ಕೆ ಒಯ್ಯುವುದಿಲ್ಲ. ಅರ್ತ್ ಪಿನ್ನಿನ ಕಂಟಿನ್ಯುಯಿಟಿ ನೋಡಿಕೊಳ್ಳಿ.

ಮುಂದೆ ಸ್ಪೀಕರ್. ಪ್ಲಗ್ ತೆಗೆದು ಓಮ್ಸ್‌ನಲ್ಲಿ ಅಳೆದರೆ 8 ಓಮ್ ಸ್ಪೀಕರ್ 6ರಿಂದ 7 ಓಮ್ ತೋರಿಸಬೇಕು. ಯಾರಾದರೂ ಸ್ಪೀಕರ್ ಬದಲಾಯಿಸಿದ್ದರೆ ಅದರ ಸೆನ್ಸಿಟಿವಿಟಿ ವಿಚಾರಿಸಿ. 100 ಡೆಸಿಬೆಲ್‌ನದರ ಜಾಗದಲ್ಲಿ 97ರದ್ದು ಕೂತಿದ್ದರೆ ಆಂಪ್‌ನ ಪವರ್ ಅರ್ಧವಾದಂತೆಯೇ ಕೇಳಿಸುತ್ತದೆ, ಆಂಪ್ ಮಾತ್ರ ನಿರಪರಾಧಿ.

ಹಿಂಭಾಗದ ಸ್ಪೀಕರ್ ಜಾಕ್‌ಗಳ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಇಲ್ಲಿ ಎಡವುವವರೇ ಹೆಚ್ಚು. ಫೆಂಡರ್‌ನ ಮುಖ್ಯ ಸ್ಪೀಕರ್ ಜಾಕ್‌ನಲ್ಲಿ ಶಾರ್ಟ್ ಮಾಡುವ ಒಂದು ಎಲೆ ಇದೆ. ಪ್ಲಗ್ ಇಲ್ಲದಾಗ ಅದು ಪವರ್ ವಾಲ್ವ್‌ಗಳಿಗೂ ಸ್ಪೀಕರ್‌ಗೂ ನಡುವಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ನೆಲಕ್ಕೆ (ಗ್ರೌಂಡ್, ಅಂದರೆ ಷಾಸಿಗೆ) ಶಾರ್ಟ್ ಮಾಡಿ ಕಾಪಾಡುತ್ತದೆ. ಪ್ಲಗ್ ಹೋದಾಗ ತೆರೆದುಕೊಳ್ಳಬೇಕು. ಎಲೆ ಬಾಗಿದ್ದರೆ ಪ್ಲಗ್ ಒಳಗಿದ್ದರೂ ತೆರೆಯುವುದಿಲ್ಲ. ಸ್ಪೀಕರ್‌ಗೆ ಬರಬೇಕಾದ ಪವರ್ ಅಲ್ಲೇ ಸೋರಿಹೋಗುತ್ತದೆ. ಪಕ್ಕದ ಎಕ್ಸ್‌ಟರ್ನಲ್ ಜಾಕ್ ಇದಕ್ಕೆ ಪ್ಯಾರಲಲ್. ಸ್ಪೀಕರನ್ನು ಅದೊಂದಕ್ಕೇ ಹಾಕಿ ಮುಖ್ಯ ಜಾಕ್ ಖಾಲಿ ಬಿಟ್ಟರೆ ಆಂಪ್ ಪೂರ್ತಿ ಶಾರ್ಟ್‌ನಲ್ಲಿ ಓಡುತ್ತದೆ. ಸದ್ದು ಪಿಸುಮಾತಿನಷ್ಟು ಬರುತ್ತಿದ್ದರೆ ಮೊದಲು ಇದನ್ನೇ ನೋಡಿ.

ಇನ್‌ಪುಟ್‌ನಲ್ಲಿ 2ನೇ ಜಾಕ್ 1ಕ್ಕಿಂತ 6 ಡೆಸಿಬೆಲ್ ಕಡಿಮೆ ಕೊಡುವಂತೆಯೇ ರಚನೆಯಾಗಿದೆ. ಟ್ರೆಬಲ್, ಬಾಸ್ ಎರಡೂ ಸೊನ್ನೆಯಲ್ಲಿದ್ದರೆ ಈ ಟೋನ್ ಸರ್ಕ್ಯೂಟ್‌ನಿಂದ ಹೆಚ್ಚೇನೂ ದಾಟಿ ಬರುವುದಿಲ್ಲ. ಗಿಟಾರನ್ನು ನಾರ್ಮಲ್ ಚಾನೆಲ್‌ಗೂ ವೈಬ್ರಟೋ ಚಾನೆಲ್‌ಗೂ ಹಾಕಿ ಹೋಲಿಸಿ. ಒಂದೇ ಚಾನೆಲ್ ಮಂಕಾಗಿದ್ದರೆ ಪವರ್ ಸೆಕ್ಷನ್ ಸರಿ ಇದೆ ಎಂದೇ ಅರ್ಥ, ಮುಂದಿನ ಬಹುಪಾಲು ಕೆಲಸ ತಪ್ಪಿತು.

ನಿಜವಾದ ಪವರ್ ಎಷ್ಟು?

8 ಓಮ್, 100 ವ್ಯಾಟ್‌ನ ಅಲ್ಯೂಮಿನಿಯಂ ಕವಚದ ರೆಸಿಸ್ಟರನ್ನು ಹೀಟ್‌ಸಿಂಕ್‌ಗೆ ಬಿಗಿದು ಡಮ್ಮಿ ಲೋಡ್ ಮಾಡಿಕೊಳ್ಳಿ. ಅದರ ಮೇಲೆ ಬರೆದಿರುವ ವ್ಯಾಟ್ ಹೀಟ್‌ಸಿಂಕ್ ಇದ್ದಾಗ ಮಾತ್ರ ನಿಜ. ಅದನ್ನು ಮುಖ್ಯ ಸ್ಪೀಕರ್ ಜಾಕ್‌ಗೇ ಹಾಕಿ. ಮೊಬೈಲಿನ ಯಾವುದಾದರೂ ಟೋನ್ ಜನರೇಟರ್ ಆ್ಯಪ್‌ನಿಂದ 400 ಹರ್ಟ್ಸ್ ಸೈನ್, 50ರಿಂದ 100 ಮಿಲಿವೋಲ್ಟ್, ನಾರ್ಮಲ್ ಚಾನೆಲ್‌ನ 1ನೇ ಜಾಕ್‌ಗೆ ಕೊಡಿ. 400 ಹರ್ಟ್ಸ್ ಯಾಕೆಂದರೆ ಅಗ್ಗದ ಮಲ್ಟಿಮೀಟರ್‌ಗಳು ಅದಕ್ಕಿಂತ ಮೇಲೆ ಎಸಿಯನ್ನು ಕಡಿಮೆ ತೋರಿಸುತ್ತವೆ.

ವಾಲ್ಯೂಮ್ ನಿಧಾನವಾಗಿ ಏರಿಸುತ್ತ ಲೋಡ್ ಮೇಲಿನ ಎಸಿ ವೋಲ್ಟೇಜ್ ನೋಡಿ. ಆಸಿಲೋಸ್ಕೋಪ್ ಇದ್ದರೆ ಅಲೆಯ ತಲೆ ಚಪ್ಪಟೆಯಾಗಲು ಶುರುವಾದ ಕ್ಷಣದ ಅಂಕಿ ಬೇಕು. ಇಲ್ಲದಿದ್ದರೆ ಇನ್‌ಪುಟ್ ಸಿಗ್ನಲನ್ನು ದುಪ್ಪಟ್ಟು ಮಾಡಿದಾಗ ಔಟ್‌ಪುಟ್ ದುಪ್ಪಟ್ಟಾಗದೆ ನಿಲ್ಲುವ ಜಾಗ ಹುಡುಕಿ; ಸುಮಾರಾಗಿ ಅದೇ ಕ್ಲಿಪ್ಪಿಂಗ್. ವೋಲ್ಟೇಜಿನ ವರ್ಗವನ್ನು 8ರಿಂದ ಭಾಗಿಸಿದರೆ ವ್ಯಾಟ್. 13.3 ವೋಲ್ಟ್ ಬಂದರೆ 22 ವ್ಯಾಟ್, 12.6ಕ್ಕೆ 20, 8.9ಕ್ಕೆ 10, 6.3ಕ್ಕೆ ಕೇವಲ 5.

12 ವೋಲ್ಟ್ ದಾಟಿ ಶುದ್ಧವಾಗಿ ಬಂದರೆ ಪವರ್ ಸೆಕ್ಷನ್ ಬಿಟ್ಟು ಪ್ರೀಆಂಪ್‌ಗೆ ಹೋಗಿ. 22 ವ್ಯಾಟ್ 11ಕ್ಕೆ ಇಳಿದರೂ ಅದು 3 ಡೆಸಿಬೆಲ್ ಅಷ್ಟೇ, ಕಿವಿಗೆ ಸ್ವಲ್ಪ ಕಡಿಮೆ ಅನ್ನಿಸುತ್ತದೆ. ಕಿವಿಗೆ ಸದ್ದು ಅರ್ಧವಾದಂತೆ ಕೇಳಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು, ಅಂದರೆ ಪವರ್ ಹತ್ತರಲ್ಲಿ ಒಂದಾಗಬೇಕು. ಹಾಗಾಗಿ ಸದ್ದು ಅರ್ಧವಾಗಿದೆ ಎಂಬ ದೂರಿಗೆ ಸವೆದ ಪವರ್ ವಾಲ್ವ್ ಮಾತ್ರವೇ ಉತ್ತರವಾಗುವುದು ಅಪರೂಪ.

ಸರ್ಕ್ಯೂಟನ್ನು ಎರಡು ಪಾಲು ಮಾಡುವ ಅಳತೆ

ಕಡಿಮೆ ಬಂತು ಅನ್ನಿ. ಈಗ ಮಾಡಬೇಕಾದ ಒಂದೇ ಒಂದು ಅಳತೆ ಅರ್ಧ ಹುಡುಕಾಟವನ್ನು ಮುಗಿಸುತ್ತದೆ. ಕ್ಲಿಪ್ಪಿಂಗ್ ಶುರುವಾಗುವ ಮಟ್ಟದಲ್ಲಿ ಸಿಗ್ನಲ್ ಇಟ್ಟು ಎರಡೂ 6ವಿ6 ಸಾಕೆಟ್‌ಗಳ 5ನೇ ಪಿನ್ನಿನಲ್ಲಿ, ಅಂದರೆ ಕಂಟ್ರೋಲ್ ಗ್ರಿಡ್‌ನಲ್ಲಿ, ಎಸಿ ವೋಲ್ಟೇಜ್ ಅಳೆಯಿರಿ. ಬಯಾಸ್, ಅಂದರೆ ವಾಲ್ವ್‌ನ ಕರೆಂಟನ್ನು ಹಿಡಿತದಲ್ಲಿಡಲು ಗ್ರಿಡ್‌ಗೆ ಕೊಡುವ ನೆಗೆಟಿವ್ ವೋಲ್ಟೇಜ್, ಸುಮಾರು ಮೈನಸ್ 35 ವೋಲ್ಟ್ ಇರುವುದರಿಂದ ವಾಲ್ವನ್ನು ತುದಿಯವರೆಗೆ ದುಡಿಸಲು 35 ವೋಲ್ಟ್ ಪೀಕ್ ಬೇಕು; ಮೀಟರ್‌ನಲ್ಲಿ ಅದು 25 ವೋಲ್ಟ್ ಆಸುಪಾಸು.

ಎರಡೂ ಗ್ರಿಡ್‌ಗೆ ಹತ್ತಿರ ಹತ್ತಿರ 25 ವೋಲ್ಟ್ ಬಂದೂ ಔಟ್‌ಪುಟ್ ಬಡವಾಗಿದ್ದರೆ ತಪ್ಪು ಅಲ್ಲಿಂದ ಮುಂದೆ: ಪವರ್ ವಾಲ್ವ್, ಸ್ಕ್ರೀನ್, ಹೈ ವೋಲ್ಟೇಜ್ ಸಪ್ಲೈ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಜಾಕ್. ಎರಡೂ ಕಡೆ 25 ಬಾರದೆ, ಅದಕ್ಕೆ ಮೊದಲೇ ಅಲೆ ಒಡೆದರೆ ತಪ್ಪು ಹಿಂದೆ, ಎರಡು ಪವರ್ ವಾಲ್ವ್‌ಗಳಿಗೆ ಒಂದಕ್ಕೊಂದು ಉಲ್ಟಾ ಸಿಗ್ನಲ್ ಕೊಡುವ ಫೇಸ್ ಇನ್ವರ್ಟರ್‌ನಲ್ಲಿ. ಒಂದು ಕಡೆ 25, ಇನ್ನೊಂದು ಕಡೆ 8 ಎಂದು ಬಂದರೆ ಇನ್ವರ್ಟರ್‌ನ ಒಂದು ಪಕ್ಕ ಸತ್ತಿದೆ. ಈ ಆಂಪ್‌ನಲ್ಲಿ ಔಟ್‌ಪುಟ್‌ನಿಂದ ಇನ್ವರ್ಟರ್‌ಗೆ ನೆಗೆಟಿವ್ ಫೀಡ್‌ಬ್ಯಾಕ್ ಹೋಗುತ್ತದೆ. ಔಟ್‌ಪುಟ್ ಕುಗ್ಗಿದಷ್ಟೂ ಫೀಡ್‌ಬ್ಯಾಕ್ ತಗ್ಗಿ ಇನ್ವರ್ಟರ್ ಇನ್ನಷ್ಟು ತಳ್ಳುತ್ತದೆ. ಆದ್ದರಿಂದ ಪವರ್ ವಾಲ್ವ್ ಕೆಟ್ಟಿದ್ದಾಗ ಗ್ರಿಡ್‌ಗಳಲ್ಲಿ 25 ವೋಲ್ಟ್ ಸಲೀಸಾಗಿ ಕಾಣಿಸುತ್ತದೆ. ಈ ಅಳತೆಯನ್ನು ನಂಬಲು ಇದೂ ಒಂದು ಕಾರಣ.

ಒಂದು ಎಚ್ಚರಿಕೆ. ಸಿಗ್ನಲ್ ಇರುವಾಗ 3ನೇ ಪಿನ್ನಿಗೆ, ಅಂದರೆ ಪ್ಲೇಟ್‌ಗೆ, ಮೀಟರ್ ತಾಗಿಸಬೇಡಿ. ಅಲ್ಲಿ ಪೀಕ್ ವೋಲ್ಟೇಜ್ 800ರ ಹತ್ತಿರ ಹೋಗುತ್ತದೆ.

ತಪ್ಪು ಪವರ್ ವಾಲ್ವ್ ಬದಿಯಲ್ಲಿದ್ದರೆ

ಸಿಗ್ನಲ್ ತೆಗೆದು ಡಿಸಿ ಅಳೆಯಿರಿ. 3ನೇ ಪಿನ್ನಿನಲ್ಲಿ ಸುಮಾರು 415, 4ನೇ ಪಿನ್ನಿನಲ್ಲಿ (ಸ್ಕ್ರೀನ್) ಹೆಚ್ಚು ಕಡಿಮೆ ಅಷ್ಟೇ, 5ರಲ್ಲಿ ಮೈನಸ್ 35, 8ರಲ್ಲಿ (ಕ್ಯಾಥೋಡ್) ಸೊನ್ನೆ, 2 ಮತ್ತು 7ರ ನಡುವೆ 6.3 ವೋಲ್ಟ್ ಎಸಿ. ಫೆಂಡರ್ ನಕ್ಷೆಯ ಅಂಕಿಗಳಿಗೆ ಶೇ. 20ರಷ್ಟು ಹೆಚ್ಚು ಕಡಿಮೆ ಒಪ್ಪಿಗೆ ಇದೆ. ಹೀಟರ್ 5.7ಕ್ಕಿಂತ ಕೆಳಗಿದ್ದರೆ ಮಾತ್ರ ಸುಮ್ಮನಿರಬೇಡಿ; ಕ್ಯಾಥೋಡ್ ಸಾಕಷ್ಟು ಬಿಸಿಯಾಗದೆ ಹೊಸ ವಾಲ್ವ್ ಕೂಡ ಮುದಿಯಂತೆ ವರ್ತಿಸುತ್ತದೆ.

ಸ್ಕ್ರೀನ್ ರೆಸಿಸ್ಟರ್ ಸುಟ್ಟಿರುವುದು ಈ ಆಂಪ್‌ಗಳಲ್ಲಿ ಬಹಳ ಸಾಮಾನ್ಯ. 470 ಓಮ್, 1 ವ್ಯಾಟ್. ಸಾಕೆಟ್ ಮೇಲೇ 6ನೇ ಪಿನ್ನಿನಿಂದ 4ನೇ ಪಿನ್ನಿಗೆ ಅಡ್ಡ ಹಾಕಿರುತ್ತಾರೆ. ಹಿಂದೆ ಯಾವಾಗಲೋ ಒಂದು 6ವಿ6 ಶಾರ್ಟ್ ಆದಾಗ ಇದು ಸುಟ್ಟು ಓಪನ್ ಆಗಿರುತ್ತದೆ, ಯಾರೋ ವಾಲ್ವ್ ಮಾತ್ರ ಬದಲಾಯಿಸಿ ಕೊಟ್ಟಿರುತ್ತಾರೆ. ಸ್ಕ್ರೀನ್ ವೋಲ್ಟೇಜ್ ಇಲ್ಲದ 6ವಿ6ನಲ್ಲಿ ಕರೆಂಟ್ ಹರಿಯುವುದಿಲ್ಲ. ಹೀಟರ್ ಚೆನ್ನಾಗಿ ಹೊಳೆಯುತ್ತಿರುತ್ತದೆ, ನೋಡಲು ಎಲ್ಲ ಸರಿ, ಕೆಲಸ ಮಾತ್ರ ಇನ್ನೊಂದೇ ವಾಲ್ವ್ ಮಾಡುತ್ತಿರುತ್ತದೆ. ಸ್ಕೋಪ್‌ನಲ್ಲಿ ಅಲೆಯ ಒಂದು ಬದಿ ಬೇಗ ಬೋಳಾಗುತ್ತದೆ. ಎರಡೂ ಸಾಕೆಟ್‌ಗೆ ಹೊಸ 470 ಓಮ್, 2 ಅಥವಾ 3 ವ್ಯಾಟ್ ಮೆಟಲ್ ಆಕ್ಸೈಡ್ ಹಾಕಿ.

ಪ್ರತಿ ವಾಲ್ವ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತಿಳಿಯಲು 8ನೇ ಪಿನ್ನನ್ನು ನೆಲದಿಂದ ಬಿಡಿಸಿ ನಡುವೆ 1 ಓಮ್, ಶೇ. 1 ನಿಖರತೆಯ ರೆಸಿಸ್ಟರ್ ಹಾಕಿ ಶಾಶ್ವತವಾಗಿ ಬಿಡಿ. ಅದರ ಮೇಲಿನ ಪ್ರತಿ ಮಿಲಿವೋಲ್ಟ್ ಒಂದು ಮಿಲಿಆಂಪಿಯರ್. ಈಗಿನ 14 ವ್ಯಾಟ್ ಲೆಕ್ಕದ 6ವಿ6ಗೆ 415 ವೋಲ್ಟ್‌ನಲ್ಲಿ 22ರಿಂದ 24 ಮಿಲಿಆಂಪಿಯರ್, ಹಳೆಯ 12 ವ್ಯಾಟ್ ಲೆಕ್ಕದ್ದಕ್ಕೆ 20. ಇದರಲ್ಲಿ ಸ್ಕ್ರೀನ್ ಕರೆಂಟೂ ಒಂದೆರಡು ಮಿಲಿಆಂಪಿಯರ್ ಸೇರಿರುತ್ತದೆ. ಒಂದು ವಾಲ್ವ್ 23, ಇನ್ನೊಂದು 6 ತೋರಿಸಿದರೆ ಎರಡನ್ನೂ ಅದಲು ಬದಲು ಮಾಡಿ. 6 ವಾಲ್ವ್ ಜೊತೆ ಹೋದರೆ ವಾಲ್ವ್ ಮುಗಿದಿದೆ. ಸಾಕೆಟ್‌ನಲ್ಲೇ ಉಳಿದರೆ ಸಾಕೆಟ್‌ನ ಸಡಿಲ ಹಿಡಿತ, ಸ್ಕ್ರೀನ್ ರೆಸಿಸ್ಟರ್ ಅಥವಾ ಬಯಾಸ್ ದಾರಿ.

ಎರಡೂ ಒಟ್ಟಿಗೆ ಕಡಿಮೆ ಇದ್ದರೆ ಬಯಾಸ್ ಪಾಟ್ ತಿರುಗಿಸಿ ಸರಿಪಡಿಸಬಹುದು. ಆದರೆ ತಣ್ಣಗಿನ (ಕರೆಂಟ್ ಕಡಿಮೆ ಇರುವ) ಬಯಾಸ್‌ನಿಂದ ಗರಿಷ್ಠ ಪವರ್ ಅಷ್ಟೇನೂ ಇಳಿಯುವುದಿಲ್ಲ. ಮೆಲ್ಲಗೆ ನುಡಿಸುವಾಗ ಸದ್ದು ಒಣಗಿ ಒರಟಾಗುತ್ತದೆ. ಪವರ್ ಬೇಕೆಂದು ಬಯಾಸ್ ಬಿಸಿ ಮಾಡುವುದು, ಅಂದರೆ ಆ ಕರೆಂಟ್ ಏರಿಸುವುದು, ತಪ್ಪು ಮದ್ದು. ಪ್ಲೇಟ್ ಕೆಂಪಾದರೆ ತಕ್ಷಣ ಆಫ್ ಮಾಡಿ ಬಯಾಸ್ ಸಪ್ಲೈಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಪರೀಕ್ಷಿಸಿ. ಅದು ಒಣಗಿದರೆ ನೆಗೆಟಿವ್ ವೋಲ್ಟೇಜ್ ಕರಗುತ್ತ ಹೋಗುತ್ತದೆ. ನಂತರ ಬಂದ ಕೆಲವು ಸಿಲ್ವರ್‌ಫೇಸ್ (ಬೆಳ್ಳಿ ಮುಖದ) ಆಂಪ್‌ಗಳಲ್ಲಿರುವ ಪಾಟ್ ಬಯಾಸ್ ಮಟ್ಟದ್ದಲ್ಲ, ಎರಡು ವಾಲ್ವ್‌ಗಳ ನಡುವಿನ ಸಮತೋಲನದ್ದು. ಅದರಿಂದ ಒಟ್ಟು ಕರೆಂಟ್ ಬದಲಾಗುತ್ತದೆಂದು ಕಾಯಬೇಡಿ.

415 ವೋಲ್ಟ್ ಬದಲು 350 ಇದ್ದರೆ ರೆಕ್ಟಿಫೈಯರ್‌ನ ಮೇಲೆ ಏನು ಬರೆದಿದೆ ಓದಿ. ಜಿಜೆಡ್34 ಜಾಗದಲ್ಲಿ 5ವೈ3 ಸಿಕ್ಕಿಸಿರುವ ಆಂಪ್‌ಗಳು ಎಷ್ಟೋ ಇವೆ. ಪಿನ್ ಹೊಂದುತ್ತದೆ, ಸದ್ದೂ ಬರುತ್ತದೆ, ಆದರೆ ವೋಲ್ಟೇಜ್ 50ರ ಆಸುಪಾಸು ಬೀಳುತ್ತದೆ. 5ಯು4 ಇನ್ನೊಂದು ಬಗೆಯ ತೊಂದರೆ: ಹೀಟರ್‌ಗೆ ಜಿಜೆಡ್34 ಕೇಳುವುದು 1.9 ಆಂಪಿಯರ್, 5ಯು4 ಕೇಳುವುದು 3. ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೆ ಅದು ಹೊರೆ. ಸವೆದ ಜಿಜೆಡ್34 ಸುಮ್ಮನಿದ್ದಾಗ ಸರಿಯಾದ ವೋಲ್ಟೇಜನ್ನೇ ತೋರಿಸಿ ಮೋಸ ಮಾಡುತ್ತದೆ. ಅದರ 8ನೇ ಪಿನ್ನಿನಲ್ಲಿ ಮೀಟರ್ ಇಟ್ಟು ಸಿಗ್ನಲ್ ಪೂರ್ತಿ ಏರಿಸಿ: 30, 40 ವೋಲ್ಟ್ ಕುಸಿದರೆ ಸಹಜ, 80 ದಾಟಿದರೆ ರೆಕ್ಟಿಫೈಯರ್ ಅಥವಾ ಮೊದಲ ಫಿಲ್ಟರ್ ಕೆಪಾಸಿಟರ್.

ಫಿಲ್ಟರ್‌ಗಳು ಷಾಸಿಯ ಹೊರಬದಿಯ ತಗಡಿನ ಮುಚ್ಚಳದ ಕೆಳಗಿವೆ: 16 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಐದು. ಮೊದಲ ಎರಡು ಪ್ಯಾರಲಲ್ ಆಗಿ 32. ಅಲ್ಲಿ ಎಸಿ ರಿಪಲ್ (ಡಿಸಿಯಲ್ಲಿ ಉಳಿದ ಎಸಿ ಏರಿಳಿತ) ಅಳೆಯಿರಿ. 5 ವೋಲ್ಟ್ ಆಸುಪಾಸು ಸರಿ, 15 ದಾಟಿದರೆ ಕೆಪಾಸಿಟರ್ ಒಣಗಿದೆ. ಕೆಲವು ಅಗ್ಗದ ಮೀಟರ್‌ಗಳು ಎಸಿ ರೇಂಜ್‌ನಲ್ಲಿ ಡಿಸಿಯನ್ನು ತಡೆಯದೆ ನೂರಾರು ವೋಲ್ಟ್ ತೋರಿಸುತ್ತವೆ, ಸರಣಿಯಲ್ಲಿ 0.1 ಮೈಕ್ರೋಫ್ಯಾರಡ್, 630 ವೋಲ್ಟ್ ಕೆಪಾಸಿಟರ್ ಇಟ್ಟು ಅಳೆಯಿರಿ. ಪುಶ್‌-ಪುಲ್‌ನಲ್ಲಿ ಮೊದಲ ಫಿಲ್ಟರಿನ ರಿಪಲ್ ಬಹುಪಾಲು ಪರಸ್ಪರ ರದ್ದಾಗುತ್ತದೆ, ಹಾಗಾಗಿ ಹಮ್ ಇಲ್ಲ ಎಂದ ಮಾತ್ರಕ್ಕೆ ಫಿಲ್ಟರ್ ಸರಿ ಇದೆ ಎನ್ನಲಾಗದು. ಹಾಕುವುದಾದರೆ ಐದನ್ನೂ ಒಟ್ಟಿಗೆ 22 ಮೈಕ್ರೋಫ್ಯಾರಡ್, 500 ವೋಲ್ಟ್‌ನವು ಹಾಕಿ. ಮೊದಲ ಜೋಡಿ 44 ಆಗುತ್ತದೆ; ಜಿಜೆಡ್34 ಸಹಿಸುವುದು 60ರವರೆಗೆ. ಒಳ್ಳೆಯದಾಗಲಿ ಎಂದು 100 ಹಾಕಿದರೆ ರೆಕ್ಟಿಫೈಯರ್ ಕಿಡಿ ಹಾರಿಸಿ ಸಾಯುತ್ತದೆ.

ಎಲ್ಲ ಡಿಸಿ ಸರಿ ಇದ್ದು, ವಾಲ್ವ್ ಹೊಸದಾಗಿದ್ದು, ಪವರ್ ಇನ್ನೂ ಇಲ್ಲವಾದರೆ ಮಾತ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಅನುಮಾನಿಸಿ. ಆಂಪ್ ಆಫ್, ಕೆಪಾಸಿಟರ್ ಖಾಲಿ, 6ವಿ6ಗಳು ಹೊರಗೆ. ಮುಖ್ಯ ಸ್ಪೀಕರ್ ಜಾಕ್‌ಗೆ ವೈರ್ ಇಲ್ಲದ ಖಾಲಿ ಪ್ಲಗ್ ಸಿಕ್ಕಿಸಿ ಶಾರ್ಟ್ ಎಲೆಯನ್ನು ತೆರೆಯಿರಿ. ಸೆಕೆಂಡರಿಗೆ ಸಿಗ್ನಲ್ ಜನರೇಟರ್‌ನಿಂದ 1 ವೋಲ್ಟ್, 400 ಹರ್ಟ್ಸ್ ಕೊಟ್ಟು ನೀಲಿ ಮತ್ತು ಕಂದು ವೈರ್‌ಗಳ ನಡುವೆ ಅಳೆಯಿರಿ. ಪ್ರೈಮರಿ ಸುಮಾರು 6,600 ಓಮ್, ಸೆಕೆಂಡರಿ 8. ಸುತ್ತುಗಳ ಅನುಪಾತ 28.7. ಹಾಗಾಗಿ 28ರಿಂದ 29 ವೋಲ್ಟ್ ಸಿಗಬೇಕು, ನಡುವಿನ ಕೆಂಪು ವೈರ್‌ನಿಂದ ಎರಡೂ ಕಡೆಗೆ ಸರಿಸಮ 14ರಷ್ಟು. ಒಂದು ಅರ್ಧ 14, ಇನ್ನೊಂದು 9 ಬಂದರೆ, ಅಥವಾ ತಾಗಿಸಿದೊಡನೆ ಜನರೇಟರ್‌ನ ವೋಲ್ಟೇಜೇ ಕುಸಿದುಬಿದ್ದರೆ ಒಳಗೆ ಸುತ್ತುಗಳು ಶಾರ್ಟ್. ಎರಡು ಅರ್ಧಗಳ ಡಿಸಿ ಓಮ್ ಮಾತ್ರ ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಹೆದರಬೇಕಿಲ್ಲ. ಹೊರಗಿನ ಸುತ್ತಿಗೆ ತಂತಿ ಹೆಚ್ಚು ಬೇಕು, ಅಷ್ಟೇ.

ತಪ್ಪು ಫೇಸ್ ಇನ್ವರ್ಟರ್‌ನಲ್ಲಿದ್ದರೆ

ಗಿಟಾರ್ ಜಾಕ್ ಕಡೆಯಿಂದ ಎಣಿಸಿದರೆ ಆರನೆಯ ಸಣ್ಣ ವಾಲ್ವ್, 12ಎಟಿ7. ಮೊದಲು ಅದನ್ನೇ ಬದಲಾಯಿಸಿ ನೋಡಿ. 12ಎಟಿ7ರ ಇನ್ನೊಂದು ಹೆಸರು ಇಸಿಸಿ81, 12ಎಎಕ್ಸ್7ರದ್ದು ಇಸಿಸಿ83. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿದ್ದುದರಿಂದ ಹಳೆಯ ರೇಡಿಯೋ ರಿಪೇರಿ ಅಂಗಡಿಗಳಲ್ಲಿ ಅದರ ಇಸಿಸಿ83 ಇನ್ನೂ ಕಣ್ಣಿಗೆ ಬೀಳುತ್ತದೆ, ಪ್ರೀಆಂಪ್‌ಗೆ ಬೇಕಾದಾಗ ಉಪಯೋಗಕ್ಕೆ ಬರುತ್ತದೆ.

ವಾಲ್ವ್ ಸರಿ ಇದ್ದರೆ ಪವರ್ ಆಫ್ ಮಾಡಿ ಎರಡು ಪ್ಲೇಟ್ ರೆಸಿಸ್ಟರ್ ಅಳೆಯಿರಿ: 82 ಕಿಲೋಓಮ್ ಮತ್ತು 100 ಕಿಲೋಓಮ್. ಎರಡು ಕಡೆಗೂ ಒಂದೇ ಓಮ್‌ನದು ಹಾಕಿ 'ಸರಿಪಡಿಸುವ' ಉತ್ಸಾಹ ಬೇಡ, ಆ ವ್ಯತ್ಯಾಸ ಉದ್ದೇಶಪೂರ್ವಕ. ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರ್‌ಗಳು ವಯಸ್ಸಾದಂತೆ ಮೇಲಕ್ಕೇ ಜಾರುತ್ತವೆ. 82 ಕಿಲೋ 110 ಆಗಿದ್ದರೆ ಬದಲಿಸಿ. ನಂತರ ಇನ್ವರ್ಟರ್‌ನಿಂದ ಪವರ್ ವಾಲ್ವ್‌ಗೆ ಹೋಗುವ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳು. 6ವಿ6 ಎರಡನ್ನೂ ಕಿತ್ತು ಆಂಪ್ ಆನ್ ಮಾಡಿ 5ನೇ ಪಿನ್ನುಗಳ ಡಿಸಿ ನೋಡಿ. ಒಂದರಲ್ಲಿ ಮೈನಸ್ 38, ಇನ್ನೊಂದರಲ್ಲಿ ಮೈನಸ್ 30 ಇದ್ದರೆ ಕಡಿಮೆ ನೆಗೆಟಿವ್ ಇರುವ ಕಡೆಯ ಕೆಪಾಸಿಟರ್ ಡಿಸಿ ಸೋರುತ್ತಿದೆ. 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಹಾಕಿ.

ಸ್ಕೋಪ್ ಇರುವವರು ಸಿಗ್ನಲ್ ಇಲ್ಲದೆಯೂ ಔಟ್‌ಪುಟ್ ಒಮ್ಮೆ ನೋಡಬೇಕು. ಕಿವಿಗೆ ಕೇಳದ ಎತ್ತರದ ಆವರ್ತನದಲ್ಲಿ ಆಂಪ್ ತಾನೇ ಆಸಿಲೇಟ್ ಆಗುತ್ತಿದ್ದರೆ ಪವರ್ ಅದಕ್ಕೇ ಖರ್ಚಾಗುತ್ತದೆ. ವಾಲ್ವ್ ಕಾರಣವಿಲ್ಲದೆ ಕಾದಿರುತ್ತದೆ, ಗಿಟಾರ್ ಉಸಿರುಗಟ್ಟಿದಂತೆ ಕೇಳುತ್ತದೆ. ರಿಪೇರಿಯಾದ ಮೇಲೆ ವೈರ್‌ಗಳು ಜಾಗ ಬದಲಿಸಿದಾಗ ಇದು ಬರುತ್ತದೆ. ಆನ್ ಇರುವಾಗ ಒಣ ಮರದ ಕಡ್ಡಿಯಿಂದ ಗ್ರಿಡ್ ಮತ್ತು ಪ್ಲೇಟ್ ವೈರ್‌ಗಳನ್ನು ಒಂದೊಂದಾಗಿ ಸರಿಸಿ ನೋಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೊಸದಾಗಿದ್ದು ಜೋರಾಗಿ ಕಿರುಚಿದರೆ ನೀಲಿ, ಕಂದು ವೈರ್ ಅದಲು ಬದಲು ಮಾಡಿ, ಫೀಡ್‌ಬ್ಯಾಕ್ ತಿರುಗುಮುರುಗಾಗಿತ್ತು.

ಪವರ್ ಇದೆ, ಗೇನ್ ಇಲ್ಲ

ಈ ಭಾಗ ಸುಲಭ. ಸಣ್ಣ ವಾಲ್ವ್‌ಗಳನ್ನು ಒಂದೊಂದಾಗಿ ಚೆನ್ನಾಗಿರುವ ಒಂದರೊಡನೆ ಬದಲಿಸುತ್ತ ಹೋಗಿ. ವೈಬ್ರಟೋ ಚಾನೆಲ್ ಮಾತ್ರ ಮಂಕಾಗಿದ್ದರೆ ಎರಡನೆಯದು ಮತ್ತು ನಾಲ್ಕನೆಯದು, ನಾರ್ಮಲ್ ಮಾತ್ರವಾದರೆ ಮೊದಲನೆಯದು. ಆಮೇಲೆ 25 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಕ್ಯಾಥೋಡ್ ಕೆಪಾಸಿಟರ್‌ಗಳು. ಒಂದು ಒಣಗಿದರೆ ಆ ಹಂತದ ಗೇನ್ ಸುಮಾರು ಅರ್ಧಕ್ಕೆ ಬರುತ್ತದೆ. ಹಳೆಯದರ ಮೇಲೆ ಅಷ್ಟೇ ಮೈಕ್ರೋಫ್ಯಾರಡ್‌ನ ಹೊಸದನ್ನು ಕ್ಲಿಪ್‌ನಲ್ಲಿ ಅಡ್ಡ ಹಿಡಿಯಿರಿ; ಸದ್ದು ಜಿಗಿದರೆ ಬದಲಾಯಿಸಿ. ವೈಬ್ರಟೋ ಚಾನೆಲ್‌ನಲ್ಲಿ ಟ್ರೆಮೊಲೊದ ನಿಯಾನ್ ಮತ್ತು ಫೋಟೋಸೆಲ್ ಇರುವ ಕಪ್ಪು ಕೊಳವೆಯ ಒಂದು ಕಾಲು ಬಿಡಿಸಿ ನೋಡಿ; ಸದ್ದು ಗಮನಾರ್ಹವಾಗಿ ಏರಿದರೆ ಫೋಟೋಸೆಲ್ ಸಿಗ್ನಲನ್ನು ನೆಲಕ್ಕೆ ಎಳೆಯುತ್ತಿದೆ.

ವಾಲ್ವ್ ಅಥವಾ ಫಿಲ್ಟರ್ ಬದಲಾಯಿಸಿದ ಮೇಲೆ ಪ್ಲೇಟ್ ವೋಲ್ಟೇಜ್ ಬದಲಾಗಿರುತ್ತದೆ, ಅದರೊಂದಿಗೆ ಬಯಾಸ್ ಕರೆಂಟೂ. ಮೊದಲ ಸಲ ಆನ್ ಮಾಡುವಾಗ ಸ್ಟೆಪ್‌ಡೌನ್‌ನ 230 ವೋಲ್ಟ್ ಬದಿಗೆ ಸರಣಿಯಲ್ಲಿ 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಅಥವಾ ಹ್ಯಾಲೊಜೆನ್ ಇಡಿ. ಅದು ಪೂರ್ತಿ ಬೆಳಗಿ ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಬಲ್ಬ್ ಮಂಕಾದ ಮೇಲೆ ಅದನ್ನು ತೆಗೆದು, ಹತ್ತು ನಿಮಿಷ ಬಿಸಿಯಾಗಲು ಬಿಟ್ಟು, 1 ಓಮ್ ಮೇಲಿನ ಮಿಲಿವೋಲ್ಟನ್ನು ಮತ್ತೆ 22ಕ್ಕೆ ತಂದು, ಆಮೇಲೆ ಡಮ್ಮಿ ಲೋಡ್‌ನಲ್ಲಿ ಪವರ್ ಅಳೆಯಿರಿ. ಬಲ್ಬ್ ಇರುವಾಗಲೇ ಅಳೆದರೆ ವೋಲ್ಟೇಜ್ ತಗ್ಗಿರುವುದರಿಂದ ಬರುವ ಅಂಕಿ ಸುಳ್ಳು.